ಚಕ್ರ ಎಸೆತದ ಬಲವನ್ನು ನಾನು ಪಾದದಲ್ಲಿ ಕಂಡುಕೊಂಡದ್ದು

ಮಂಡ್ಯ ತಾಲ್ಲೂಕಿನ ನಮ್ಮೂರಿನಲ್ಲಿ, ಕಬ್ಬು ಕಡಿದು ಖಾಲಿ ಬಿದ್ದಿದ್ದ ಗದ್ದೆಯ ತಲೆಯಲ್ಲಿ, ಒಳಗೆ ಸುತ್ತು ತಿರುಗಿ ಚಕ್ರ ಎಸೆಯಲೆಂದು ಎರಡೂವರೆ ಮೀಟರ್ ವ್ಯಾಸದ ಒಂದು ಸಿಮೆಂಟು ವೃತ್ತವನ್ನು ನಾನೇ ಹಾಕಿಕೊಂಡೆ. ದೈಹಿಕ ಶಿಕ್ಷಕನಾಗಿ ಮಕ್ಕಳಿಗೆ ಚಕ್ರ ಎಸೆತ ಕಲಿಸುತ್ತಿದ್ದ ನನ್ನ ಸ್ವಂತ ಎಸೆತ, ಎರಡು ಕಿಲೋ ಚಕ್ರದಲ್ಲಿ, ವರ್ಷಗಟ್ಟಲೆ 34 ಮೀಟರಿನ ಆಸುಪಾಸಿನಲ್ಲೇ ನಿಂತುಬಿಟ್ಟಿತ್ತು. ಕಲಿಯುವ ಕಾಲದಲ್ಲಿ ನನಗೆ ಸಿಕ್ಕ ಒಂದೇ ಸೂಚನೆಯೆಂದರೆ ತೋಳನ್ನು ಇನ್ನೂ ಜೋರಾಗಿ ಬೀಸಬೇಕು ಎಂಬುದು. ಆ ಮಾತನ್ನು ನಂಬಿ ಭುಜವನ್ನು ನೋಯಿಸಿಕೊಂಡೆನೇ ಹೊರತು ದೂರ ಹೆಚ್ಚಲಿಲ್ಲ.

ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 63.64 ಮೀಟರ್ ಎಸೆದು ಚಿನ್ನ ಗೆದ್ದದ್ದು ನಮ್ಮ ಕಡೆಯ ಎಸೆತಗಾರರಿಗೆಲ್ಲ ಹೆಮ್ಮೆಯ ವಿಷಯ. ಅವರ ಎತ್ತರ ಎರಡು ಮೀಟರಿಗೂ ಹೆಚ್ಚು. ತಿರುಗುವ ವಸ್ತುವಿನ ವೇಗವೆಂದರೆ ಅದರ ಕೋನೀಯ ವೇಗ (ಎಷ್ಟು ಚುರುಕಾಗಿ ಸುತ್ತುತ್ತದೆ ಎಂಬುದು) ಮತ್ತು ತ್ರಿಜ್ಯಗಳ ಗುಣಲಬ್ಧ. ಹೀಗಾಗಿ ಒಂದೇ ಕೋನೀಯ ವೇಗದಲ್ಲಿ ತಿರುಗುವ ಇಬ್ಬರಲ್ಲಿ ಉದ್ದ ತೋಳಿನವನ ಚಕ್ರವೇ ಹೆಚ್ಚು ವೇಗವಾಗಿ ಹೊರಡುತ್ತದೆ. ನನ್ನ ಎತ್ತರ 174 ಸೆಂಟಿಮೀಟರ್. ತ್ರಿಜ್ಯವನ್ನು ಬೆಳೆಸಿಕೊಳ್ಳುವುದು ನನ್ನ ಕೈಯಲ್ಲಿರಲಿಲ್ಲವಾದ್ದರಿಂದ, ತಿರುಗುವ ವೇಗ ಎಲ್ಲಿ ಹುಟ್ಟುತ್ತದೆ ಮತ್ತು ಎಲ್ಲಿ ಸೋರಿಹೋಗುತ್ತದೆ ಎಂಬುದನ್ನೇ ಹುಡುಕಬೇಕಾಯಿತು.

ಅದಕ್ಕೆ ಬಳಸಿದ ಸಲಕರಣೆ ಸೆಕೆಂಡಿಗೆ 240 ಚೌಕಟ್ಟುಗಳನ್ನು (ಫ್ರೇಮ್) ಹಿಡಿಯುವ ಮೊಬೈಲ್ ಫೋನು ಮತ್ತು ಒಂದು ಮುಕ್ಕಾಲಿ, ಅಷ್ಟೇ. ಎಸೆತದ ದಿಕ್ಕಿಗೆ ಲಂಬವಾಗಿ, ಸಾಕಷ್ಟು ದೂರದಲ್ಲಿ ಫೋನನ್ನು ನಿಲ್ಲಿಸಿದೆ. ಅಳತೆಗೋಲಾಗಿ ಚಕ್ರವನ್ನೇ ಬಳಸಿದೆ; ಎರಡು ಕಿಲೋ ಚಕ್ರದ ಅಗಲ ಸುಮಾರು 22 ಸೆಂಟಿಮೀಟರ್ ಇರುವುದರಿಂದ, ಕೈಬಿಟ್ಟ ಮೇಲೆ ಅದು ತನ್ನ ಒಂಬತ್ತು ಅಗಲಗಳಷ್ಟು ದೂರವನ್ನು ಎಷ್ಟು ಚೌಕಟ್ಟುಗಳಲ್ಲಿ ದಾಟಿತು ಎಂದು ಎಣಿಸಿದರೆ ವೇಗ ಸಿಗುತ್ತದೆ. ಮೊದಲ ವಾರ ಬಂದ ಎಣಿಕೆ 26, ಅಂದರೆ ಸೆಕೆಂಡಿಗೆ ಸುಮಾರು 18.3 ಮೀಟರ್. ದೂರವು ಹೆಚ್ಚುಕಡಿಮೆ ವೇಗದ ವರ್ಗವನ್ನು ಅನುಸರಿಸುವುದರಿಂದ, ಎರಡೇ ಎರಡು ಚೌಕಟ್ಟು ಉಳಿಸಿದರೂ ಮೀಟರುಗಳ ಲೆಕ್ಕದಲ್ಲಿ ಲಾಭವಿದೆ ಎಂಬುದು ಆಗ ಸ್ಪಷ್ಟವಾಯಿತು.

ತೋಳಿನ ಬಗ್ಗೆ ನನಗಿದ್ದ ತಪ್ಪು ತಿಳಿವಳಿಕೆ ಒಂದು ಸಣ್ಣ ಲೆಕ್ಕದಿಂದ ಹೋಯಿತು. ಎರಡು ಕಿಲೋ ಚಕ್ರವು ಸೆಕೆಂಡಿಗೆ 18 ಮೀಟರ್ ವೇಗದಲ್ಲಿ 0.9 ಮೀಟರ್ ತ್ರಿಜ್ಯದಲ್ಲಿ ತಿರುಗಬೇಕಾದರೆ ಬೇಕಾಗುವ ಕೇಂದ್ರಾಭಿಮುಖ ಬಲ 720 ನ್ಯೂಟನ್, ಅಂದರೆ 73 ಕಿಲೋ ತೂಕದ ಮನುಷ್ಯನೊಬ್ಬ ಆ ಕೈಗೆ ಜೋತುಬಿದ್ದಷ್ಟು. ಇಷ್ಟು ಭಾರ ಎಳೆಯುತ್ತಿರುವಾಗ ತೋಳು ಮಾಡಬೇಕಾದ ಮುಖ್ಯ ಕೆಲಸ ಹಗ್ಗದಂತೆ ಹಿಡಿದಿರುವುದು. ಚಿಕ್ಕಂದಿನಲ್ಲಿ ಹೊಲ ಕಾಯುತ್ತ ಕವಣೆ ಬೀಸಿದವರಿಗೆ ಇದು ಗೊತ್ತು: ಕವಣೆಯ ಹಗ್ಗ ತಾನಾಗಿ ಬೀಸುವುದಿಲ್ಲ, ಹಿಡಿದವನು ತಿರುಗಿಸಿದಂತೆ ಬಿಗಿಯಾಗಿ ಹಿಂದೆ ಬರುತ್ತದೆ, ಬಿಟ್ಟ ಗಳಿಗೆಯಲ್ಲಿ ಕಲ್ಲು ವೃತ್ತದ ಸ್ಪರ್ಶರೇಖೆಯಲ್ಲಿ ನೇರ ಹೋಗುತ್ತದೆ. ತೋಳನ್ನು ಅವಸರದಿಂದ ಮುಂದಕ್ಕೆ ತಂದಾಗಲೆಲ್ಲ ನಾನು ಆ ಹಗ್ಗವನ್ನೇ ಸಡಿಲ ಮಾಡುತ್ತಿದ್ದೆ.

ಹಾಗಾದರೆ ತಿರುಗಿಸುವವನು ಯಾರು? ಉತ್ತರ ನೆಲದಲ್ಲಿದೆ. ದೇಹದ ಕೋನೀಯ ಸಂವೇಗ, ಅಂದರೆ ತಿರುಗುವಿಕೆಯ ರಭಸ, ಹೆಚ್ಚಬೇಕಾದರೆ ಹೊರಗಿನಿಂದ ಟಾರ್ಕ್, ಅಂದರೆ ತಿರುಗಿಸುವ ಒತ್ತು, ಬರಲೇಬೇಕು, ಮತ್ತು ವೃತ್ತದೊಳಗೆ ನಿಂತವನಿಗೆ ಅದನ್ನು ಕೊಡಬಲ್ಲದ್ದು ಪಾದದ ಕೆಳಗಿನ ನೆಲವೊಂದೇ. ರಾಗಿ ಬೀಸುವ ಕಲ್ಲಿನ ಗೂಟವನ್ನು ನಮ್ಮ ಹಿರಿಯರು ಅಂಚಿನಲ್ಲಿ ನೆಟ್ಟಿದ್ದಾರೆ. ಅದನ್ನೇ ನಡುವಿನ ಗೂಟದ ಪಕ್ಕ ನೆಟ್ಟಿದ್ದರೆ ಎಷ್ಟು ತ್ರಾಣವಿದ್ದರೂ ಕಲ್ಲು ತಿರುಗುತ್ತಿರಲಿಲ್ಲ. ಎರಡೂ ಪಾದಗಳು ಅಗಲವಾಗಿ ನೆಲದ ಮೇಲಿದ್ದು, ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಒತ್ತಿದಾಗ ಅಂಚಿನ ಗೂಟ ಸಿಕ್ಕಂತೆ. ಒಂದೇ ಪಾದದ ಮೇಲೆ ನಿಂತು ತಿರುಗುವುದು ನಡುವಿನ ಗೂಟವನ್ನು ಹಿಡಿದು ತಿಣುಕಿದಂತೆ. ಎರಡೂ ಪಾದಗಳು ಗಾಳಿಯಲ್ಲಿದ್ದಾಗಲಂತೂ ಹೊಸದಾಗಿ ಏನೂ ಸೇರುವುದಿಲ್ಲ, ಇದ್ದ ಸಂವೇಗವನ್ನೇ ಕಾಪಾಡಿಕೊಳ್ಳಬೇಕು.

ಈ ತಿಳಿವಳಿಕೆಯೊಂದಿಗೆ ವಿಡಿಯೊಗಳನ್ನು ಮತ್ತೆ ನೋಡಿದಾಗ ನನ್ನ ದೋಷ ಕಣ್ಣಿಗೆ ರಾಚಿತು. ವೃತ್ತದ ನಡುವೆ ನಾನು ಮೇಲಕ್ಕೆ ಹಾರುತ್ತಿದ್ದೆ. ಎರಡೂ ಪಾದಗಳು 26 ಚೌಕಟ್ಟುಗಳಷ್ಟು ಹೊತ್ತು ಗಾಳಿಯಲ್ಲಿರುತ್ತಿದ್ದವು. ಬಲಪಾದ ಊರಿದ ಮೇಲೆ ಎಡಪಾದ ಊರಲು ಮತ್ತೆ 53 ಚೌಕಟ್ಟು, ಅಂದರೆ ಸುಮಾರು 0.22 ಸೆಕೆಂಡು ಬೇಕಾಗುತ್ತಿತ್ತು. ಅಷ್ಟರೊಳಗೆ ಹಿಂದೆ ಉಳಿಯಬೇಕಾದ ಭುಜ ಸೊಂಟವನ್ನು ಸೇರಿಕೊಂಡಿರುತ್ತಿತ್ತು. ಒದ್ದೆ ಪಂಚೆಯನ್ನು ಹಿಂಡಿದಂತೆ ಸೊಂಟ ಮುಂದೆ, ಭುಜ ಹಿಂದೆ ಎಂಬ ತಿರುಚು ಉಳಿದಿದ್ದರೆ ಮಾತ್ರ ನಡುವಿನ ಸ್ನಾಯುಗಳು ಹಿಗ್ಗಿ, ಕೊನೆಯ ಗಳಿಗೆಯಲ್ಲಿ ಚಕ್ರವನ್ನು ಉದ್ದ ಹಾದಿಯಲ್ಲಿ ಎಳೆದು ತರುತ್ತವೆ.

ತಿದ್ದಿಕೊಳ್ಳಲು ಐದು ತಿಂಗಳು ಹಿಡಿಯಿತು. ಮೊದಲ ಎರಡು ತಿಂಗಳು ಚಕ್ರವನ್ನೇ ಮುಟ್ಟದೆ, ಹೆಗಲ ಮೇಲೆ ಅಡ್ಡಲಾಗಿ ಒಂದು ಬಿದಿರಿನ ಕೋಲು ಇಟ್ಟುಕೊಂಡು, ಕಾಲುಗಳು ಮುಂದೆ ಹೋಗಿ ಬಿದಿರು ತಡವಾಗಿ ಬರುವಂತೆ ತಿರುಗಿದೆ. ಶುರುವಿನಲ್ಲಿ ಬಲಗಾಲನ್ನು ಅಗಲವಾಗಿ ಬೀಸಿದೆ. ಮೈಯಿಂದ ದೂರ ಇದ್ದಷ್ಟೂ ತಿರುಗಿಸುವುದಕ್ಕೆ ಕಾಲು ಒಡ್ಡುವ ಜಡತ್ವ ಹೆಚ್ಚಿ, ನೆಲದಿಂದ ಪಡೆದ ಸಂವೇಗಕ್ಕೆ ಅದು ಒಳ್ಳೆಯ ಪಾತ್ರೆಯಾಗುತ್ತದೆ. ನಡುವೆ ಬಂದಾಗ ಅದೇ ಕಾಲನ್ನು ಒಳಗೆಳೆದುಕೊಂಡರೆ, ಕೈ ಮಡಚಿಕೊಂಡ ನರ್ತಕಿಯ ಸುತ್ತು ಚುರುಕಾಗುವಂತೆ, ಕೆಳಮೈ ತಾನಾಗಿ ಮುಂದೋಡುತ್ತದೆ. ಬಲಪಾದ ಊರಿದ ಮೇಲೂ ಅದರ ಮುಂಗಾಲು ತಿರುಗುತ್ತಲೇ ಇರಬೇಕು. ಪಾದ ಕಚ್ಚಿಕೊಂಡು ಮೈ ಮಾತ್ರ ತಿರುಗಿದರೆ ಆ ತಿರುಚೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ನನಗೆ ಹಾಗೆ ಆಗಿ ಮೂರು ವಾರ ವೃತ್ತಕ್ಕೆ ಇಳಿಯಲಾಗಲಿಲ್ಲ. ಆಮೇಲೆ ಅಡಿ ಸವೆದು ನುಣುಪಾದ ಬೂಟನ್ನೇ ಹಾಕಿಕೊಂಡೆ.

ಎಡಗಾಲಿನ ಪಾಠ ಚಿಕ್ಕದು, ಆದರೆ ಬೆಲೆಯುಳ್ಳದ್ದು. ಕೊನೆಯಲ್ಲಿ ಅದು ಗಟ್ಟಿಯಾಗಿ ತಡೆದು ನಿಲ್ಲಬೇಕು. ಓಡುತ್ತಿದ್ದ ಎತ್ತಿನ ಗಾಡಿ ತಟ್ಟನೆ ನಿಂತಾಗ ಮೇಲೆ ಕುಳಿತವರು ಮುಂದಕ್ಕೆ ಚಿಮ್ಮುವಂತೆ, ಸೊಂಟ ನಿಧಾನವಾದಾಗ ಅದರ ಸಂವೇಗ ಭುಜಕ್ಕೆ, ಭುಜದಿಂದ ತೋಳಿಗೆ ದಾಟುತ್ತದೆ.

ಐದನೆಯ ತಿಂಗಳ ಕೊನೆಗೆ ಗಾಳಿಯಲ್ಲಿನ ಹೊತ್ತು 17 ಚೌಕಟ್ಟಿಗೆ ಇಳಿಯಿತು. ಬಲಪಾದ ಊರಿದ ಮೇಲೆ ಎಡಪಾದ ಊರುವ ಹೊತ್ತು 40 ಚೌಕಟ್ಟಿಗೆ ಬಂತು. ಒಂಬತ್ತು ಅಗಲಗಳ ಎಣಿಕೆ 26ರಿಂದ 24 ಆಯಿತು. ಟೇಪು ಹಿಡಿದು ಅಳೆದಾಗ 39 ಮೀಟರ್ ಬಂತು, ಅದೂ ತೋಳಿನ ಬಲ ಮೊದಲಿನಷ್ಟೇ ಇದ್ದಾಗ. ಅದೇ ಸಂಜೆ ಶಾಲೆಯ ಮಕ್ಕಳ ಅಭ್ಯಾಸದ ಪಟ್ಟಿಯಿಂದ ತೋಳು ಬೀಸುವ ಕಸರತ್ತುಗಳಲ್ಲಿ ಅರ್ಧವನ್ನು ತೆಗೆದು, ಆ ಜಾಗದಲ್ಲಿ ಬಿದಿರು ಹೊತ್ತು ತಿರುಗುವುದನ್ನು ಸೇರಿಸಿದೆ.

ಈಗ ಉಳಿದಿರುವುದು ಚಕ್ರದ ವಾಲಿಕೆ. ತೋರುಬೆರಳಿನಿಂದ ಕೊನೆಗೆ ಜಾರುವಾಗ ಚಕ್ರಕ್ಕೆ ಸಿಗುವ ಸುತ್ತು, ಬುಗುರಿಯನ್ನು ನಿಲ್ಲಿಸುವಂತೆ, ಅದರ ವಾಲಿಕೆಯನ್ನು ಹಾರಾಟದುದ್ದಕ್ಕೂ ಕಾಯುತ್ತದೆ. ಆದ್ದರಿಂದ ಬಿಡುವಾಗ ಚಕ್ರದ ಮೂತಿ, ಅಂದರೆ ಮುಂದಿನ ಅಂಚು, ಎತ್ತಿದ್ದರೆ ಅದು ಎತ್ತಿಕೊಂಡೇ ಹೋಗಿ ಗಾಳಿಗೆ ಎದೆಯೊಡ್ಡುತ್ತದೆ. ಮೂತಿ ತಗ್ಗಿದ್ದರೆ ಎದುರುಗಾಳಿಯೇ ಆಸರೆಯಾಗಿ, ಗಾಳಿಯಿಲ್ಲದ ದಿನಕ್ಕಿಂತ ಹೆಚ್ಚು ದೂರ ಒಯ್ಯುತ್ತದೆ. ನನ್ನ ವಿಡಿಯೊಗಳಲ್ಲಿ ಮೂತಿ ಇನ್ನೂ ಹಾದಿಗಿಂತ ಐದಾರು ಡಿಗ್ರಿ ಮೇಲಿದೆ. ವೃತ್ತದ ಮುಂಭಾಗ ಪಡುವಣಕ್ಕಿದೆ. ಆಷಾಢದ ಗಾಳಿ ಅದೇ ದಿಕ್ಕಿನಿಂದ ಏಳುವ ಮೊದಲು ಅಂಗೈಯನ್ನು ಇನ್ನಷ್ಟು ಕೆಳಮುಖವಾಗಿ ಇಟ್ಟು ಬಿಡುವುದನ್ನು ದಿನಕ್ಕೆ ಇಪ್ಪತ್ತು ಎಸೆತಗಳಂತೆ ರೂಢಿ ಮಾಡುತ್ತಿದ್ದೇನೆ.