ಕೆಲಸವಿಲ್ಲದ ದಿನಗಳಲ್ಲಿ ಕಡಿಮೆ ಖರ್ಚಿನಲ್ಲಿ ರೆಸ್ಯೂಮೆ ತಿದ್ದಿಸಿಕೊಳ್ಳುವ ಬಗೆ

ಉದ್ಯೋಗ ಹುಡುಕಾಟದ ತಾಣಗಳಲ್ಲಿ ಹೆಸರು ನೋಂದಾಯಿಸಿದ ಕೆಲವೇ ದಿನಗಳಲ್ಲಿ, ಕೆಲವು ಸಾವಿರ ರೂಪಾಯಿ ಕಟ್ಟಿದರೆ ತಜ್ಞರಿಂದ ರೆಸ್ಯೂಮೆ ಬರೆಸಿಕೊಡುತ್ತೇವೆ ಎನ್ನುವ ಕರೆಗಳು ಬರತೊಡಗುತ್ತವೆ. ರಾಜ್ಯದ ಯುವನಿಧಿ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರರಿಗೆ ಸಿಗುವುದು ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ. ಅಷ್ಟನ್ನೂ ಎರಡು ಪುಟಗಳ ಕಡತವೊಂದಕ್ಕೆ ಸುರಿಯುವ ಮೊದಲು, ರೆಸ್ಯೂಮೆಯ ವಿಷಯದಲ್ಲಿ ದುಡ್ಡು ಕೊಟ್ಟೇ ಪಡೆಯಬೇಕಾದದ್ದು ಯಾವುದು, ಕೊಡದೆ ಸಿಗುವುದು ಯಾವುದು ಎಂದು ಬೇರ್ಪಡಿಸಿಕೊಳ್ಳಬೇಕು. ಅಂದವಾದ ನಮೂನೆಗಳು ಗೂಗಲ್ ಡಾಕ್ಸ್, ಕ್ಯಾನ್ವಾಗಳಲ್ಲಿ ಉಚಿತವಾಗಿಯೇ ಇವೆ. ಒಳಗಿನ ವಿಷಯವನ್ನು ನೀವಲ್ಲದೆ ಬೇರೆ ಯಾರೂ ಒದಗಿಸಲಾರರು. ಇನ್ನು ಉಳಿಯುವುದು, ನೀವು ಅರಸುತ್ತಿರುವ ಕೆಲಸವನ್ನು ಬಲ್ಲವರೊಬ್ಬರು ಅದನ್ನು ಓದಿ ತಪ್ಪು ಹೇಳುವುದು. ನಿಜವಾಗಿ ಬೇಕಾದ ನೆರವು ಅದೇ, ಮತ್ತು ಸರಿಯಾಗಿ ಕೇಳಿದರೆ ಅದಕ್ಕೂ ಸಾಮಾನ್ಯವಾಗಿ ಹಣ ಬೇಕಾಗುವುದಿಲ್ಲ.

ಯಾರ ಬಳಿಗೆ ಹೋಗುವುದಾದರೂ ಬರಿಗೈಯಲ್ಲಿ ಹೋಗಬಾರದು. ಮೊದಲು ಒಂದು ನೋಟ್‌ಬುಕ್ಕಿನಲ್ಲಿ, ಕನ್ನಡದಲ್ಲಿಯೇ, ಇದುವರೆಗೆ ಮಾಡಿದ ಕೆಲಸಗಳನ್ನೆಲ್ಲ ಬರೆದುಕೊಳ್ಳಿ. ಅಂಕಪಟ್ಟಿಗಳು ಕೈಗೆ ಸಿಗದಿದ್ದರೆ ಡಿಜಿಲಾಕರ್‌ನಲ್ಲಿ ಹುಡುಕಬಹುದು. ಹಿಂದಿನ ಕಂಪನಿಗೆ ಸೇರಿದ ಮತ್ತು ಬಿಟ್ಟ ದಿನಾಂಕಗಳು ನೆನಪಿಲ್ಲದಿದ್ದರೆ, ಪಿಎಫ್ ಕಡಿತವಾಗುತ್ತಿದ್ದವರು ಇಪಿಎಫ್‌ಒ ಸದಸ್ಯರ ತಾಣದಲ್ಲಿ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಮೂಲಕ ಒಳಹೊಕ್ಕು ಸೇವಾ ವಿವರವನ್ನು ನೋಡಿಕೊಳ್ಳಬಹುದು. ದಿನಾಂಕಗಳನ್ನು ಅಂದಾಜಿನಿಂದ ಬರೆಯಬೇಡಿ, ಏಕೆಂದರೆ ನೇಮಕದ ವೇಳೆ ಹಲವು ಕಂಪನಿಗಳು ಅದೇ ದಾಖಲೆಯೊಂದಿಗೆ ತಾಳೆ ನೋಡುತ್ತವೆ.

ಬರೆಯುವಾಗ ಹುದ್ದೆಯ ಹೆಸರಿಗಿಂತ ಕೈಯಾರೆ ಮಾಡಿದ ಕೆಲಸಕ್ಕೆ ಒತ್ತು ಕೊಡಬೇಕು. ದಾವಣಗೆರೆಯ ಬಿ.ಕಾಂ. ಪದವೀಧರರೊಬ್ಬರು ಸಗಟು ವ್ಯಾಪಾರದ ಅಂಗಡಿಯಲ್ಲಿ ಎರಡು ವರ್ಷ ದುಡಿದು, ಈಗ ಕೆಲಸವಿಲ್ಲದೆ ಲೆಕ್ಕಪತ್ರ ಸಹಾಯಕರ ಹುದ್ದೆ ಹುಡುಕುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಅವರ ರೆಸ್ಯೂಮೆಯಲ್ಲಿ ‘ಲೆಕ್ಕಪತ್ರ ನೋಡಿಕೊಂಡ ಅನುಭವವಿದೆ’ ಎಂಬ ಒಂದು ಸಾಲು ಮಾತ್ರ ಇದ್ದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಟ್ಯಾಲಿ ಲೆಕ್ಕಪತ್ರ ತಂತ್ರಾಂಶದಲ್ಲಿ ತಿಂಗಳಿಗೆ ಎಷ್ಟು ಬಿಲ್ಲುಗಳನ್ನು ನಮೂದಿಸುತ್ತಿದ್ದರು, ತೆರಿಗೆಯ ಮಾಸಿಕ ವಿವರಪಟ್ಟಿಗಳಾದ ಜಿಎಸ್‌ಟಿಆರ್-1 ಅನ್ನು 11ನೇ ತಾರೀಖಿನೊಳಗೆ, ಜಿಎಸ್‌ಟಿಆರ್-3ಬಿ ಅನ್ನು 20ನೇ ತಾರೀಖಿನೊಳಗೆ ಸಲ್ಲಿಸಲು ಆಡಿಟರಿಗೆ ಯಾವ ದಾಖಲೆಗಳನ್ನು ಸಿದ್ಧಪಡಿಸಿ ಕೊಡುತ್ತಿದ್ದರು, ಬ್ಯಾಂಕ್ ಖಾತೆಯ ತಾಳೆ ತಾವೇ ಮಾಡುತ್ತಿದ್ದರೇ ಅಥವಾ ಇನ್ನೊಬ್ಬರಿಗೆ ನೆರವಾಗುತ್ತಿದ್ದರೇ ಎಂಬುದನ್ನು ಬರೆದರೆ, ಅದೇ ಎರಡು ವರ್ಷಗಳಿಗೆ ತೂಕ ಬರುತ್ತದೆ. ಮನೆಯವರ ಅಡಿಕೆ ಮಂಡಿಯ ಲೆಕ್ಕ ಬರೆದದ್ದು, ಸ್ವಸಹಾಯ ಸಂಘದ ದಾಖಲೆ ಪುಸ್ತಕ ನಿರ್ವಹಿಸಿದ್ದು ಕೂಡ ಕೆಲಸವೇ. ಸಂಬಳ ಬರಲಿಲ್ಲವೆಂಬ ಕಾರಣಕ್ಕೆ ಅವನ್ನು ಬಿಟ್ಟುಬಿಡುವವರು ಬಹಳ ಮಂದಿ. ಕೆಲಸವಿಲ್ಲದೆ ಕಳೆದ ಅವಧಿಯನ್ನು ಮರೆಮಾಚುವುದಕ್ಕಿಂತ, ತಂದೆಯ ಚಿಕಿತ್ಸೆಗಾಗಿ ಊರಿನಲ್ಲಿದ್ದೆ ಅಥವಾ ಕಂಪನಿಯ ಘಟಕ ಮುಚ್ಚಿತು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗುವುದು ಲೇಸು.

ಸರ್ಕಾರಿ ನೆರವಿನಲ್ಲಿ ಮೊದಲು ನೆನಪಾಗಬೇಕಾದದ್ದು ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರ. ಸರ್ಕಾರಿ ನೌಕರಿಗೆ ಹೆಸರು ನೋಂದಾಯಿಸುವ ಹಳೆಯ ಕಚೇರಿಯೆಂದಷ್ಟೇ ಅದನ್ನು ತಿಳಿದಿರುವವರು ಇನ್ನೂ ಇದ್ದಾರೆ. ಆದರೆ ಖಾಸಗಿ ಕಂಪನಿಗಳನ್ನು ಕರೆಸಿ ಉದ್ಯೋಗ ಮೇಳ ನಡೆಸುವುದು, ವೃತ್ತಿ ಮಾರ್ಗದರ್ಶನ ನೀಡುವುದು ಕೂಡ ಅಲ್ಲಿನ ಕೆಲಸಗಳೇ. ಜನಸಂದಣಿ ಕಡಿಮೆಯಿರುವ ದಿನ ನೋಡಿ ಹೋಗಿ, ಕರಡು ಪ್ರತಿಯನ್ನು ಮುಂದಿಟ್ಟು, ಈ ಜಿಲ್ಲೆಯಲ್ಲಿ ಇಂಥ ಹುದ್ದೆಗೆ ಬರುವ ಕಂಪನಿಗಳು ಏನನ್ನು ಕೇಳುತ್ತವೆ ಎಂದು ವಿಚಾರಿಸಿ. ಕೇಂದ್ರ ಕಾರ್ಮಿಕ ಸಚಿವಾಲಯವು 2015ರ ಜುಲೈನಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವೆಯ ತಾಣದಲ್ಲಿ ನೋಂದಣಿ ಉಚಿತ. ಅದರ ಅಡಿಯಲ್ಲಿ ಆಯ್ದ ಕಡೆಗಳಲ್ಲಿ ಮಾದರಿ ವೃತ್ತಿ ಕೇಂದ್ರಗಳೂ ಇವೆ. ರಾಜ್ಯದ ಕೌಶಲ್ಯಾಭಿವೃದ್ಧಿ ಇಲಾಖೆಯ ಸ್ಕಿಲ್ ಕನೆಕ್ಟ್ ತಾಣವೂ ಉದ್ಯೋಗಾರ್ಥಿಗಳಿಂದ ಹಣ ಪಡೆಯುವುದಿಲ್ಲ. ಅಂಗವೈಕಲ್ಯವಿರುವವರ ಉದ್ಯೋಗಕ್ಕಾಗಿಯೇ ಬೆಂಗಳೂರಿನ ಎನೇಬಲ್ ಇಂಡಿಯಾ ಸಂಸ್ಥೆ ಬಹುಕಾಲದಿಂದ ದುಡಿಯುತ್ತಿದೆ. ಕಂಪ್ಯೂಟರ್ ಇಲ್ಲದವರು ನಗರ ಕೇಂದ್ರ ಗ್ರಂಥಾಲಯವನ್ನೋ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವನ್ನೋ ವಿಚಾರಿಸಬಹುದು. ಹಲವು ಕಡೆ ಕಂಪ್ಯೂಟರ್ ಮತ್ತು ಇಂಟರ್ನೆಟ್ ಒದಗಿಸಲಾಗಿದೆ.

ಇವೆಲ್ಲಕ್ಕಿಂತ ಹೆಚ್ಚು ಪ್ರಯೋಜನವಾಗುವುದು, ನೀವು ಬಯಸುವ ಹುದ್ದೆಯಲ್ಲಿ ಈಗಾಗಲೇ ಎರಡು ಮೂರು ವರ್ಷ ಕಳೆದಿರುವ ಒಬ್ಬರ ಓದು. ದೊಡ್ಡ ಹುದ್ದೆಯಲ್ಲಿರುವವರಿಗೆ ಹೊಸಬರನ್ನು ಹೇಗೆ ಆರಿಸುತ್ತಾರೆಂಬುದು ಮರೆತುಹೋಗಿರುತ್ತದೆ. ಈಚೆಗೆ ಸೇರಿದವರಿಗೆ ಅದು ಹಸಿಯಾಗಿ ನೆನಪಿರುತ್ತದೆ. ಇಂಥವರು ಸಿಗುವುದು ಓದಿದ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಲಿಂಕ್ಡ್‌ಇನ್‌ನಲ್ಲಿ, ಹಿಂದಿನ ಕಂಪನಿಯ ಸಹೋದ್ಯೋಗಿಗಳ ನಡುವೆ. ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಯನ್ನು ಕೇಳಲು, ಕಾಲೇಜು ಬಿಟ್ಟು ಎಷ್ಟೋ ವರ್ಷವಾಯಿತೆಂಬ ಸಂಕೋಚ ಬೇಡ. ‘ಸ್ವಲ್ಪ ನೋಡಿ ಹೇಳಿ’ ಎಂದು ಮಾತ್ರ ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಹೀಗೆ ಬರೆದು ನೋಡಿ: ‘ನಮಸ್ಕಾರ ಮೇಡಂ, ನಾನು ನಮ್ಮ ಕಾಲೇಜಿನ 2021ರ ಬಿ.ಕಾಂ. ತಂಡದವನು. ನಿಮ್ಮಿಂದ ಕೆಲಸ ಕೇಳುತ್ತಿಲ್ಲ. ಒಂದು ಪುಟದ ನನ್ನ ರೆಸ್ಯೂಮೆಯಲ್ಲಿ ನಿಮಗೆ ಅನಗತ್ಯವೆನಿಸುವ ಎರಡು ಸಾಲುಗಳು ಯಾವುವು, ಅಲ್ಲಿ ಇಲ್ಲದ ಯಾವ ಮಾಹಿತಿಯನ್ನು ನಿಮ್ಮ ಕಂಪನಿಯವರು ಹುಡುಕುತ್ತಾರೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಬಿಡುವಾದಾಗ ಧ್ವನಿ ಸಂದೇಶ ಕಳುಹಿಸಿದರೂ ಸಾಕು.’ ಕೆಲಸ ಕೇಳುತ್ತಿಲ್ಲ ಎಂಬ ಮಾತು ಅವರ ಮುಜುಗರವನ್ನು ತೆಗೆಯುತ್ತದೆ, ಧ್ವನಿ ಸಂದೇಶದ ಅವಕಾಶ ಅವರ ಶ್ರಮವನ್ನು ಉಳಿಸುತ್ತದೆ. ಎದುರಿಗೇ ಸಿಗುವವರಾದರೆ ಅರ್ಧ ನಿಮಿಷ ಓದಲು ಕೊಟ್ಟು ಹಾಳೆ ಹಿಂದಕ್ಕೆ ಪಡೆದು, ನಾನು ಯಾವ ಕೆಲಸ ಬಲ್ಲವನೆಂದು ತೋರಿತು ಎಂದು ಕೇಳಿ. ಅವರ ಉತ್ತರ ನೀವು ಬಯಸಿದ ಹುದ್ದೆಗೆ ಹತ್ತಿರವಿಲ್ಲದಿದ್ದರೆ ಮೇಲಿನ ಅರ್ಧ ಪುಟವನ್ನು ಮತ್ತೆ ಬರೆಯಬೇಕು. ಇಬ್ಬರು ಒಂದೇ ದೋಷವನ್ನು ತೋರಿಸಿದರೆ ತಿದ್ದಿ. ಹತ್ತು ಜನರನ್ನು ಕೇಳಿ ಹತ್ತು ಬಗೆಯಲ್ಲಿ ತಿದ್ದುತ್ತ ಕೂರಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ವಾಕ್ಯಗಳದ್ದೇ ದೊಡ್ಡ ಚಿಂತೆ. ಚಾಟ್‌ಜಿಪಿಟಿಯಂಥ ಕೃತಕ ಬುದ್ಧಿಮತ್ತೆಯ ಸಾಧನಗಳ ಉಚಿತ ಆವೃತ್ತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ನೋಟ್‌ಬುಕ್ಕಿನ ಕನ್ನಡ ಟಿಪ್ಪಣಿಯನ್ನು ಕೊಟ್ಟು, ಸರಳ ಇಂಗ್ಲಿಷಿನ ಚಿಕ್ಕ ವಾಕ್ಯಗಳಲ್ಲಿ ಬರೆಯಲು, ಕೊಡದ ಯಾವ ಸಂಗತಿಯನ್ನೂ ಸೇರಿಸದಿರಲು ಸ್ಪಷ್ಟವಾಗಿ ಹೇಳಬೇಕು. ಹೇಳಿದರೂ ಅದು ನೀವು ಮಾಡದ ಸಾಧನೆಗಳನ್ನು, ಇಲ್ಲದ ಶೇಕಡಾವಾರು ಅಂಕಿಗಳನ್ನು ಹೊಸೆದು ಇಟ್ಟಿರಬಹುದಾದ್ದರಿಂದ ಒಂದೊಂದು ಸಾಲನ್ನೂ ಪರಿಶೀಲಿಸಿ, ಸಂದರ್ಶನದಲ್ಲಿ ಅರ್ಥ ಕೇಳಿದರೆ ವಿವರಿಸಲಾಗದ ಪದವನ್ನು ತೆಗೆದುಹಾಕಿ. ಹೆಸರು, ಮೊಬೈಲ್ ಸಂಖ್ಯೆ, ವಿಳಾಸಗಳನ್ನು ಅಲ್ಲಿ ಕೊಡಬೇಕಾಗಿಲ್ಲ. ಅವನ್ನು ಕೊನೆಯಲ್ಲಿ ನೀವೇ ತುಂಬಬಹುದು.

ಟೈಪಿಂಗಿಗೆ ಝೆರಾಕ್ಸ್ ಅಂಗಡಿ ಅಥವಾ ಸೈಬರ್ ಸೆಂಟರ್ ಅಗ್ಗದ ದಾರಿ, ಆದರೆ ಅದು ಟೈಪಿಂಗಿಗೆ ಮಾತ್ರ. ಅಲ್ಲಿನವರು ಸಾಮಾನ್ಯವಾಗಿ ಹಿಂದಿನ ಗಿರಾಕಿಯ ಕಡತವನ್ನೇ ತೆರೆದು ಹೆಸರು ಬದಲಿಸುತ್ತಾರೆ; ಊರಿನ ಅರ್ಧ ಜನರ ಬಯೋಡೇಟಾದಲ್ಲಿ ಒಂದೇ ‘ಗುರಿ’, ಒಂದೇ ‘ಹವ್ಯಾಸ’ ಇರುವುದಕ್ಕೆ ಕಾರಣ ಇದೇ. ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ, ‘ಮೇಲಿನ ವಿವರಗಳು ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಎಂಬ ಘೋಷಣೆ ಖಾಸಗಿ ಕಂಪನಿಯ ರೆಸ್ಯೂಮೆಗೆ ಬೇಕಿಲ್ಲ. ಆಧಾರ್ ಸಂಖ್ಯೆಯಂತೂ ಖಂಡಿತ ಕೂಡದು. ಮುದ್ರಿತ ಪ್ರತಿಯ ಜೊತೆಗೆ ತಿದ್ದಬಹುದಾದ ವರ್ಡ್ ಕಡತವನ್ನೂ ಪಿಡಿಎಫ್ ಅನ್ನೂ ನಿಮ್ಮ ಇಮೇಲಿಗೆ ಕಳುಹಿಸಿಕೊಂಡು, ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದ ಪ್ರತಿಯನ್ನು ಅಳಿಸಿಸಿ, ಇಮೇಲ್ ಮತ್ತು ವಾಟ್ಸ್‌ಆ್ಯಪ್ ವೆಬ್‌ನಿಂದ ಹೊರಬಂದಿರುವುದನ್ನು ಖಚಿತಪಡಿಸಿಕೊಂಡು ಎದ್ದೇಳಿ. ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ತಂತ್ರಾಂಶ ಓದುವುದರಿಂದ, ಪಿಡಿಎಫ್‌ನ ಪಠ್ಯವನ್ನೆಲ್ಲ ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡುವುದು ಒಳ್ಳೆಯದು. ಸಾಲುಗಳು ಕಲಸಿಹೋದರೆ ಎರಡು ಅಂಕಣ, ಕೋಷ್ಟಕ, ಚಿತ್ರಗಳನ್ನು ಬಿಟ್ಟು ನೇರ ಒಂದೇ ಅಂಕಣದ ನಮೂನೆಗೆ ಬದಲಿಸಬೇಕು.

ಇಷ್ಟಾದ ಮೇಲೂ ಹಣ ಕೊಟ್ಟು ತಿದ್ದಿಸುವ ಅಗತ್ಯ ಬೀಳುವುದುಂಟು. ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ಹೊರಳುತ್ತಿರುವವರು, ಹತ್ತಾರು ವರ್ಷಗಳ ಅನುಭವವನ್ನು ಎರಡು ಪುಟಕ್ಕೆ ಇಳಿಸಬೇಕಾದವರು, ವಿದೇಶದ ಹುದ್ದೆಗೆ ಅಲ್ಲಿನ ರೂಢಿಯಂತೆ ಬರೆಯಬೇಕಾದವರು ಈ ಗುಂಪಿಗೆ ಸೇರುತ್ತಾರೆ. ಆಗಲೂ ಪೂರ್ತಿ ಬರೆಸುವುದರ ಬದಲು, ನಿಮ್ಮ ಕರಡನ್ನು ಓದಿ ಒಂದು ಗಂಟೆ ಮಾತನಾಡುವುದಕ್ಕೆ ಎಷ್ಟು ಎಂದು ಕೇಳಿ. ನಿಮ್ಮೊಂದಿಗೆ ಮಾತೇ ಆಡದೆ, ಬರಿಯ ಅರ್ಜಿ ನಮೂನೆ ತುಂಬಿಸಿಕೊಂಡು ಬರೆಯುವವರಿಗೆ ಕೊಡುವ ಹಣ ದಂಡ. ಎಷ್ಟು ಸಲ ತಿದ್ದಿಕೊಡುತ್ತಾರೆ, ತಿದ್ದಬಹುದಾದ ಕಡತ ಕೊಡುತ್ತಾರೆಯೇ, ರಸೀದಿ ಇದೆಯೇ ಎಂಬುದನ್ನು ಸಂದೇಶದ ಮೂಲಕ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಒಪ್ಪಿದ ಸೇವೆ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ರೆಸ್ಯೂಮೆಯ ಜೊತೆಗೆ ಸಂದರ್ಶನವೂ ಖಚಿತ, ಮೊದಲು ಮರಳಿಸುವ ಠೇವಣಿ ಕಟ್ಟಿ ಎಂದವರೊಂದಿಗೆ ಮಾತು ಮುಂದುವರಿಸಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡಿ.

ತಿದ್ದಿ ಮುಗಿದ ಪ್ರತಿಯನ್ನು ಎಲ್ಲ ಕಡೆಗೂ ಒಂದೇ ರೀತಿಯಲ್ಲಿ ಕಳುಹಿಸದೆ, ಹುದ್ದೆಯ ಪ್ರಕಟಣೆಯಲ್ಲಿ ಕೇಳಿರುವ ಕೌಶಲಗಳಲ್ಲಿ ನಿಮಗೆ ನಿಜವಾಗಿ ಬರುವುದನ್ನು ಮೇಲಕ್ಕೆ ತಂದು, ಕಡತಕ್ಕೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರಿಟ್ಟು ಉಳಿಸಿ. ಯಾವ ಕಂಪನಿಗೆ ಯಾವ ಪ್ರತಿ, ಯಾವ ದಿನ ಹೋಯಿತೆಂದು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ಕರೆ ಬಂದಾಗ ಅವರ ಕೈಯಲ್ಲಿರುವ ಪ್ರತಿಯನ್ನೇ ತೆರೆದುಕೊಂಡು ಮಾತನಾಡಬಹುದು.