ಹಳೆಯ ಧಾರಾವಾಹಿಯನ್ನು ಮತ್ತೆ ನೋಡುವುದು ಹೇಗೆ

ಹಳೆಯ ಧಾರಾವಾಹಿ ಮತ್ತೆ ನೋಡಬೇಕು ಅನ್ನಿಸಿದ ತಕ್ಷಣ ಯೂಟ್ಯೂಬ್ ತೆರೆಯಬೇಡಿ. ಮೊದಲು ಒಂದು ಹಾಳೆ ತಗೊಂಡು ನೆನಪಿರುವುದನ್ನೆಲ್ಲ ಬರೆಯಿರಿ. ಯಾವ ಪಾತ್ರ, ಯಾವ ಮಾತು, ಯಾವ ಹಾಡು, ಕೊನೆಗೆ ಏನಾಯ್ತು, ಯಾರ ಜೊತೆ ಕೂತು ನೋಡುತ್ತಿದ್ದಿರಿ. ಬರೆದದ್ದನ್ನು ಓದಿ ನೋಡಿ, ಅದರಲ್ಲಿ ಕಥೆ ಕಡಿಮೆ, ನಿಮ್ಮ ಮನೆಯೇ ಜಾಸ್ತಿ ಇರುತ್ತದೆ. ಆಗ ಬಾಡಿಗೆಗಿದ್ದ ಶ್ರೀನಗರದ ಮನೆ, ಪಕ್ಕದವರ ಟಿವಿ, ಸರಿಯಾದ ಹೊತ್ತಿಗೇ ಹೋಗುತ್ತಿದ್ದ ಕರೆಂಟು, ಈಗ ಇಲ್ಲದ ಅಜ್ಜಿ. ಇದೆಲ್ಲ ನಿಮ್ಮ ಸ್ವಂತದ ಆಸ್ತಿ, ಧಾರಾವಾಹಿಯ ಲೆಕ್ಕಕ್ಕೆ ಸೇರಿಸಬೇಡಿ. ಎರಡನ್ನೂ ಬೇರೆ ಮಾಡದೆ ಕೂತರೆ ಕಂಡದ್ದೆಲ್ಲ ಚಿನ್ನ ಅನ್ನಿಸುತ್ತದೆ, ಇಲ್ಲವೇ "ಇದನ್ನಾ ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದದ್ದು" ಅಂತ ಎರಡೇ ಕಂತಿಗೆ ಎದ್ದುಹೋಗುತ್ತೀರಿ. ಎರಡರಲ್ಲೂ ಆ ಕೆಲಸ ಮಾಡಿದವರಿಗೆ ನ್ಯಾಯ ಸಿಗುವುದಿಲ್ಲ.

ಆಮೇಲೆ ಒಳ್ಳೆಯ ಪ್ರತಿ ಹುಡುಕಿ. ಹಕ್ಕು ಇಲ್ಲದವರು ಹಾಕಿದ ವಿಡಿಯೊಗಳಲ್ಲಿ, ಸಿಕ್ಕಿಬೀಳದಿರಲಿ ಅಂತ, ಚಿತ್ರದ ಅಂಚು ಕತ್ತರಿಸಿರುತ್ತಾರೆ, ಶೀರ್ಷಿಕೆ ಗೀತೆ ತೆಗೆದಿರುತ್ತಾರೆ, ಕೆಲವೊಮ್ಮೆ ವೇಗವನ್ನೇ ಹೆಚ್ಚಿಸಿರುತ್ತಾರೆ. ವೇಗ ಹೆಚ್ಚಾದರೆ ದನಿ ಕೀಚಲಾಗಿ, ಪಾಪ, ಆ ನಟನಿಗೆ ಮಾತೇ ಬರಲ್ಲವೇನೋ ಅನ್ನಿಸುತ್ತದೆ. ವಾಹಿನಿಯವರದ್ದೋ ನಿರ್ಮಿಸಿದವರದ್ದೋ ಚಾನೆಲ್ ಇದ್ದರೆ ಅಲ್ಲೇ ನೋಡಿ. ಇನ್ನೊಂದು ಮಾತು. ಆಗಿನ ಟಿವಿ ಪರದೆ 4:3 ಅಳತೆಯದು, ಈಗಿನದು 16:9. ಸ್ಮಾರ್ಟ್ ಟಿವಿಯಲ್ಲಿ ಚಿತ್ರವನ್ನು ಪೂರ್ತಿ ಪರದೆಗೆ ಎಳೆದರೆ ಮುಖಗಳು ಅಡ್ಡಕ್ಕೆ ಹಿಗ್ಗುತ್ತವೆ, ಜೂಮ್ ಮಾಡಿದರೆ ಹಣೆ, ಗಲ್ಲ ಎರಡೂ ಹೋಗುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ 4:3 ಮಾಡಿ, ಎರಡೂ ಪಕ್ಕ ಕಪ್ಪಗಿದ್ದರೆ ಇರಲಿ.

ದಿನಕ್ಕೆ ಒಂದೇ ಕಂತು ನೋಡಿ. ಇದರಲ್ಲಿ ಮಾತ್ರ ರಾಜಿ ಬೇಡ. ದೂರದರ್ಶನದ ವಾರದ ಧಾರಾವಾಹಿಗಳು ಸಾಮಾನ್ಯವಾಗಿ 13 ಕಂತಿನವು, ವಾರಕ್ಕೊಂದರಂತೆ ಮೂರು ತಿಂಗಳು ನಮ್ಮ ಜೊತೆ ಇರಲಿ ಅಂತಲೇ ಮಾಡಿದಂಥವು. ಸದಾನಂದ ಸುವರ್ಣ ಅವರ ‘ಗುಡ್ಡದ ಭೂತ’ದ ಹೆದರಿಕೆ ಇಡೀ ವಾರ ಇರುತ್ತಿತ್ತು, ರಾತ್ರಿ ಹಿತ್ತಲಿಗೆ ಹೋಗುವಾಗ ಅದರ ಶೀರ್ಷಿಕೆ ಗೀತೆ ತಾನಾಗಿಯೇ ತಲೆಯಲ್ಲಿ ಶುರುವಾಗುತ್ತಿತ್ತು. ಎಲ್ಲ ಕಂತು ಒಂದೇ ರಾತ್ರಿ ನೋಡಿ ಮುಗಿಸಿದರೆ ಹೆದರುವುದಕ್ಕೆ ಪುರುಸೊತ್ತೆಲ್ಲಿ?

ಈಗ ನೋಡುವ ಕ್ರಮ. ಪ್ರತಿ ಕಂತನ್ನೂ ಎರಡು ಸಲ ನೋಡಿ ಅಂತ ಹೇಳುತ್ತಿಲ್ಲ, ನಿಮಗೆ ತುಂಬಾ ಇಷ್ಟವಾದ ಮೂರು ನಾಲ್ಕನ್ನು ಹಾಗೆ ನೋಡಿದರೆ ಸಾಕು. ಮೊದಲನೇ ಸಲ ಸುಮ್ನೆ ನೋಡಿ. ಅಳು ಬಂದರೆ ಅಳಿ. ಎರಡನೇ ಸಲ ಪೆನ್ನು ಕೈಯಲ್ಲಿರಲಿ.

ಆರ್.ಕೆ. ನಾರಾಯಣ್ ಕಥೆಗಳನ್ನು ಶಂಕರ್ ನಾಗ್ ಧಾರಾವಾಹಿ ಮಾಡಿದ ‘ಮಾಲ್ಗುಡಿ ಡೇಸ್’ ಇದಕ್ಕೆ ಒಳ್ಳೆಯ ಪಾಠ. ಎಲ್. ವೈದ್ಯನಾಥನ್ ಅವರ ಸಂಗೀತ, ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು ಬಂದವು ಅಂದರೆ ಮನಸ್ಸು ಕರಗಿಹೋಗುತ್ತದೆ, ವಿಮರ್ಶೆ ಎಲ್ಲ ಆಮೇಲೆ. ಹಾಗೇ ಆಗಲಿ. ಎರಡನೇ ಸಲ ಮಾತ್ರ ಅದರ ಪುಟ್ಟ ಹುಡುಗ ಸ್ವಾಮಿಯ ಮನೆಯನ್ನು ನೋಡಿ. ಗಿರೀಶ್ ಕಾರ್ನಾಡರು ಮಾಡಿದ ಅಪ್ಪ ಎದುರಿಗಿದ್ದಾಗ ಆ ಹುಡುಗ ಹೇಗೆ ನಿಲ್ಲುತ್ತಾನೆ, ಅಜ್ಜಿ ಹತ್ತಿರ ಹೇಗೆ ಕೂರುತ್ತಾನೆ ಅನ್ನುವುದನ್ನೇ ಗಮನಿಸಿ. ಮಾಸ್ಟರ್ ಮಂಜುನಾಥನ ಅಭಿನಯ ಎಂಥದ್ದು ಅಂತ ಆಗ ಗೊತ್ತಾಗುತ್ತದೆ, ಮಾತಿಗಿಂತ ಮೊದಲೇ ಮೈ ಹೇಳಿಬಿಡುತ್ತದೆ. ಅದೇ ಮನೆಯಲ್ಲಿ ವೈಶಾಲಿ ಕಾಸರವಳ್ಳಿ ಅವರ ಅಮ್ಮ ಎಷ್ಟು ಸಲ ತನಗೋಸ್ಕರ ಒಂದು ಮಾತಾಡುತ್ತಾಳೆ? ಬರೆದುಕೊಳ್ಳಿ. ಅದು ಕಥೆ ನಡೆಯುವ ಕಾಲದ ಮಿತಿಯೋ, 80ರ ದಶಕದವರ ಮಿತಿಯೋ, ನೋಡುತ್ತಿದ್ದ ನಮ್ಮದೋ ಅಂತ ಯೋಚಿಸಿ.

ಊರನ್ನೂ ನೋಡಿ. ಆರ್.ಕೆ. ನಾರಾಯಣ್ ಬರೆದ ಮಾಲ್ಗುಡಿಗೆ ಸರಯೂ ನದಿ ಇದೆ, ಮೆಂಪಿ ಬೆಟ್ಟ ಇದೆ, ರೈಲು ನಿಲ್ದಾಣ ಇದೆ. ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಕಂಡರು. ಆಗುಂಬೆಗೆ ರೈಲೇ ಇಲ್ಲ, ನಿಲ್ದಾಣದ ದೃಶ್ಯಗಳನ್ನು ತೆಗೆದದ್ದು ಶಿವಮೊಗ್ಗ ಜಿಲ್ಲೆಯ ಅರಸಾಳಿನಲ್ಲಿ. ಕಥೆಯಲ್ಲಿ ಬರುವ, ಲಾಲಿ ಎಂಬ ಬ್ರಿಟಿಷ್ ಅಧಿಕಾರಿಯ ಪ್ರತಿಮೆಯನ್ನು ಮಾಡಿದವರು ಬೆಂಗಳೂರಿನ ಜಾನ್ ದೇವರಾಜ್. ನಾವು ಮಾಲ್ಗುಡಿ ಅಂದಾಗ ಕಣ್ಣಿಗೆ ಬರುವ ಹಂಚಿನ ಮನೆ, ಒದ್ದೆ ರಸ್ತೆ, ಹಸಿರು ಎಲ್ಲ ಮಲೆನಾಡಿನದು, ಪುಸ್ತಕ ತೆರೆದರೆ ಬೇರೆಯದೇ ಊರು ಸಿಗುತ್ತದೆ. ಒಂದು ಕಥೆ ಓದಿ, ಅದೇ ಕಂತು ನೋಡಿ, ಏನು ಬಿಟ್ಟರು, ಏನು ಸೇರಿಸಿದರು ಅಂತ ಪಕ್ಕಪಕ್ಕ ಇಡಿ. ಭೈರಪ್ಪನವರ ಕಾದಂಬರಿಯಿಂದ ಗಿರೀಶ್ ಕಾಸರವಳ್ಳಿ ಅವರು ಮಾಡಿದ ‘ಗೃಹಭಂಗ’ಕ್ಕೂ ಇದೇ ದಾರಿ. ಅಂದಹಾಗೆ, ಇಷ್ಟೊಂದು ಕನ್ನಡದ ನಟರಿದ್ದ ಮಾಲ್ಗುಡಿ ತಯಾರಾದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಡಬ್ ಆಗಿ ಕನ್ನಡದ ವಾಹಿನಿಗೆ ಬರಲು 2020ರವರೆಗೆ ಕಾಯಬೇಕಾಯಿತು. ನನಗೆ ಈಗಲೂ ಇದು ಬೇಸರದ ವಿಷಯ.

ದಿನವೂ ಬರುತ್ತಿದ್ದ ಧಾರಾವಾಹಿಗಳಿಗೆ ಬೇರೆ ಕಣ್ಣು ಬೇಕು, ನಿಜ ಹೇಳಬೇಕಂದರೆ ಬೇರೆ ಕಿವಿ ಬೇಕು. 1998ರಲ್ಲಿ ‘ಮಾಯಾಮೃಗ’ ಬರುತ್ತಿದ್ದಾಗ ಅಮ್ಮ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿರುತ್ತಿದ್ದರು. ಕಾಳು ಪಾತ್ರೆಗೆ ಬೀಳೋದು, ಸಿಪ್ಪೆ ಬೆರಳಲ್ಲೇ ಉಳಿಯೋದು, ಕಣ್ಣು ಪೂರ್ತಿ ಅದರ ಮೇಲೆ. ಹಿನ್ನೆಲೆ ಸಂಗೀತ ಬದಲಾದಾಗ ಮಾತ್ರ ತಲೆ ಎತ್ತೋರು. ಅಷ್ಟಾದರೂ ಯಾರು ಯಾರಿಗೆ ಏನಂದರು ಅಂತ ಒಂದಕ್ಷರ ತಪ್ಪದೆ ಹೇಳೋರು. ಹಳೆಯ ಧಾರಾವಾಹಿಗಳಲ್ಲಿ ಪಾತ್ರಗಳು ಗೊತ್ತಿರುವುದನ್ನೇ ಮತ್ತೆ ಮತ್ತೆ ಹೇಳುತ್ತವೆ ಅಂತ ನಮಗೆ ಈಗ ಕಿರಿಕಿರಿ ಆಗುತ್ತದಲ್ಲ, ಅದನ್ನು ಬರೆದದ್ದೇ ಕೆಲಸ ಮಾಡುತ್ತಾ ಕೇಳುವವರಿಗಾಗಿ, ನಿನ್ನೆಯ ಕಂತು ತಪ್ಪಿಸಿಕೊಂಡು ಮತ್ತೆಲ್ಲೂ ನೋಡಲಾಗದವರಿಗಾಗಿ. ಆ ರಿಯಾಯಿತಿ ಕೊಡಿ. ಕೊಟ್ಟ ಮೇಲೂ ಎಳೆದಾಟ ಅನ್ನಿಸಿದರೆ ಅದು ಎಳೆದಾಟವೇ, ಹಾಗಂತ ಬರೆದುಕೊಳ್ಳಿ.

ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ದ ಕೋರ್ಟ್ ದೃಶ್ಯಗಳನ್ನು ಎಷ್ಟೋ ಮನೆಗಳಲ್ಲಿ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಈಗಲೂ ಅದರಲ್ಲಿ ಸೀತಾರಾಮ್ ಅವರೇ ಮಾಡಿದ ವಕೀಲ ಸಿ.ಎಸ್.ಪಿ. ಪಾಟೀಸವಾಲಿಗೆ ಎದ್ದರೆ ನಾನು ನೆಟ್ಟಗೆ ಕೂರುತ್ತೇನೆ. ಸರ್ಕಾರ, ರೈತ, ಹಣ, ಅಧಿಕಾರ ಇವನ್ನೆಲ್ಲ ಮನೆಯ ಹಾಲ್‌ಗೆ ತಂದು ಚರ್ಚೆಗಿಟ್ಟದ್ದು ದೊಡ್ಡ ಕೆಲಸ. ಅದನ್ನು ಒಪ್ಪಿಕೊಂಡೇ ಕೇಳಿ: ಇಷ್ಟೊಂದು ಜನರ ಸಂಕಟ ಒಬ್ಬ ಒಳ್ಳೆಯ ವಕೀಲನ ಮಾತಿನಿಂದ ಪರಿಹಾರ ಆಗಿಬಿಡುತ್ತಾ? ಸಂಕಟ ಪಟ್ಟವರು ತಾವೇ ಎಷ್ಟು ಮಾತಾಡಿದರು?

ಹಾಸ್ಯ ಧಾರಾವಾಹಿಯಲ್ಲಿ ಇನ್ನೂ ಹುಷಾರಾಗಿರಿ. ನಕ್ಕ ಜಾಗದಲ್ಲೆಲ್ಲ ನಿಲ್ಲಿಸಿ, ಯಾರನ್ನು ನೋಡಿ ನಕ್ಕೆ ಅಂತ ಕೇಳಿಕೊಳ್ಳಿ. ‘ಪಾಪ ಪಾಂಡು’ವಿನಲ್ಲಿ ಗಂಡ ಹೆಂಡತಿಯ ಕೈಲಿ ಏಟು ತಿನ್ನುತ್ತಾನೆ, ನಗು ಬರುತ್ತದೆ. ಹೊಡೆಯುವವನು ಗಂಡನಾಗಿದ್ದರೆ ನಗುತ್ತಿದ್ದಿರಾ? ಮನೆಯಲ್ಲಿ ನಿಜವಾಗಿ ಏಟು ತಿನ್ನುವವರು ಯಾರು ಅಂತ ಎಲ್ಲರಿಗೂ ಗೊತ್ತಿದ್ದದ್ದರಿಂದಲೇ ಈ ತಿರುಗುಮುರುಗು ತಮಾಷೆಯಾಯಿತು ಅಂತ ನನ್ನ ಅಭಿಪ್ರಾಯ. ಚಿದಾನಂದ್ ಮತ್ತು ಶಾಲಿನಿ ಅವರ ಟೈಮಿಂಗ್ ಮಾತ್ರ ಈಗಲೂ ಅದ್ಭುತ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಬಹುದು. ಭಾಷೆಯನ್ನೂ ಕೇಳಿಸಿಕೊಳ್ಳಿ. ಹಳೆಯ ಧಾರಾವಾಹಿಗಳಲ್ಲಿ ಜಯನಗರ, ಮಲ್ಲೇಶ್ವರದ ಮನೆಯವರು ಪುಸ್ತಕದ ಕನ್ನಡ ಮಾತಾಡುತ್ತಾರೆ, ಕೆಲಸದಾಕೆಯೋ ಹಳ್ಳಿಯ ನೆಂಟನೋ ಬಂದ ಕೂಡಲೇ ಮಂಡ್ಯದ್ದೋ ಹುಬ್ಬಳ್ಳಿಯದ್ದೋ ಕನ್ನಡ ಶುರುವಾಗಿ ಅದೇ ನಗುವ ವಸ್ತುವಾಗುತ್ತದೆ. ಆ ಕೆಲಸದಾಕೆಗೆ ಒಂದು ಹೆಸರಿದೆಯಾ, ಅವಳ ಮನೆ ಒಂದು ಸಲವಾದರೂ ಕಾಣಿಸುತ್ತದಾ ಅಂತ ನೋಡಿ.

ನಡುವೆ ಒಂದಿಷ್ಟು ಹೊತ್ತು ಪಾತ್ರಗಳ ಹಿಂದೆ ಏನಿದೆ ಅಂತಲೂ ನೋಡಿ. ಹೊರಾಂಗಣ ದೃಶ್ಯ ಬಂದಾಗ ವಿಡಿಯೊ ನಿಲ್ಲಿಸಿ. ಮೆಟ್ರೋ ಕಂಬಗಳಿಲ್ಲದ ಎಂ.ಜಿ. ರಸ್ತೆ, ಎಸ್‌ಟಿಡಿ ಬೂತು, ಲೂನಾ, ಕಾಂಪೌಂಡಿನೊಳಗೆ ತೆಂಗಿನಮರ ಇರುವ ಮನೆ. ಆಗಿನ ಬೆಂಗಳೂರು ಹೇಗಿತ್ತು ಅನ್ನುವುದಕ್ಕೆ ಇದೂ ಒಂದು ದಾಖಲೆ, ಯಾರೂ ಬೇಕಂತ ಮಾಡಿಟ್ಟದ್ದಲ್ಲ.

ಒಬ್ಬರೇ ನೋಡಬೇಡಿ. ಆಗ ಜೊತೆಗಿದ್ದ ಅತ್ತಿಗೆಯೋ ಚಿಕ್ಕಮ್ಮನೋ ಸಿಕ್ಕರೆ, ಆಗ ಯಾರ ಪಕ್ಷ ವಹಿಸಿದ್ದಿರಿ, ಈಗ ಯಾರ ಪಕ್ಷ ಅಂತ ಕೇಳಿ. ಸೊಸೆಯ ಪಕ್ಷದಲ್ಲಿದ್ದವರು ಈಗ ಅತ್ತೆಯಾಗಿರುತ್ತಾರೆ, ಉತ್ತರ ಚೆನ್ನಾಗಿರುತ್ತದೆ. ಮಕ್ಕಳ ಜೊತೆ ನೋಡುವಾಗ "ಈಗ ಇಂಥದ್ದೆಲ್ಲಿ ಬರುತ್ತೆ" ಅಂತ ಶುರು ಮಾಡಬೇಡಿ. ಅವರು ಬೋರ್ ಅಂದರೆ ಯಾವ ಜಾಗದಲ್ಲಿ ಅಂತ ಕೇಳಿ, ಬಹಳ ಸಲ ಅವರ ಉತ್ತರ ಸರಿಯಾಗೇ ಇರುತ್ತದೆ.

ಕೊನೆಯದಾಗಿ, ಅಟ್ಟದ ಮೇಲೆ ಟಿವಿಯಿಂದ ರೆಕಾರ್ಡ್ ಮಾಡಿದ ವಿಎಚ್‌ಎಸ್ ಕ್ಯಾಸೆಟ್ ಇದ್ದರೆ ಎಸೆಯಬೇಡಿ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ವಿಸಿಆರ್‌ಗೆ ಹಾಕಲೂ ಬೇಡಿ, ಹೆಡ್ ಹಾಳಾಗುತ್ತದೆ, ಆಮೇಲೆ ಹಾಕಿದ ಕ್ಯಾಸೆಟ್ಟಿಗೂ ಅಂಟುತ್ತದೆ. ಡಿಜಿಟಲ್ ಮಾಡಿಕೊಡುವವರ ಹತ್ತಿರ ಹಾಗೇ ತಗೊಂಡು ಹೋಗಿ. ನಡುವೆ ರೆಕಾರ್ಡ್ ಆಗಿರುವ ಜಾಹೀರಾತುಗಳನ್ನು ಕತ್ತರಿಸಬೇಡಿ ಅಂತ ಮೊದಲೇ ಹೇಳಿಬಿಡಿ. ಆ ಹೊತ್ತಿನಲ್ಲಿ ಟಿವಿ ಮುಂದೆ ಯಾರು ಕೂತಿರುತ್ತಾರೆ ಅಂತ ಅಂದುಕೊಂಡಿದ್ದರು ಅನ್ನುವುದು ಆ ಸೋಪು, ಪ್ರೆಶರ್ ಕುಕ್ಕರ್, ಸೀರೆ ಅಂಗಡಿಯ ಜಾಹೀರಾತಿನಲ್ಲೇ ಇರುತ್ತದೆ.