ಶೆಡ್ಡಲ್ಲಿ ಬಿದ್ದಿದ್ದ ರೇಂಜರ್ ಸೈಕಲ್ಲನ್ನ ಮಗಳಿಗೆ ರೆಡಿ ಮಾಡಿದ್ದು

ನಾನು ಮಾಡಿದ ಮೊದಲನೇ ತಪ್ಪು ಪೇಂಟಿಂದ ಶುರು ಮಾಡಿದ್ದು. ನೀವ್ಯಾರಾದ್ರೂ ಹಳೇ ಸೈಕಲ್ ಕೈಗೆತ್ತಿಕೊಂಡಿದ್ರೆ ದಯವಿಟ್ಟು ಸ್ಪ್ರೇ ಡಬ್ಬಿ ಕೊನೇವರೆಗೂ ಮುಟ್ಟಬೇಡಿ, ನಾನು ಆಸೆ ತಡೀಲಾರದೆ ಒಂದು ಭಾನುವಾರ ಫ್ರೇಮಿಗೆ ಎಮರಿ ಪೇಪರ್ ತಿಕ್ಕಿ, ಆ ಹಳೇ ಕಡುನೀಲಿನೇ ಬರಬೇಕು ಅಂತ ಮೂರು ಡಬ್ಬಿ ಹೊಡೆದೆ, ಮುಂದಿನ ವಾರ ಪೆಡ್ಲಿನ ತೋಳನ್ನ (ಕ್ರ್ಯಾಂಕ್) ಅಚ್ಚಿಗೆ ಬಿಗಿದಿಡೋ ಕಾಟರ್ ಪಿನ್ ಬಿಚ್ಚೋಕೆ ಹೋದಾಗ ಸುತ್ತಿಗೆ ಜಾರಿ ಬಿದ್ದಿದ್ದು ನೆಟ್ಟಗೆ ಆ ಹೊಸ ಬಣ್ಣದ ಮೇಲೆ.

ಸೈಕಲ್ ನನ್ನ ತಮ್ಮಂದು. 1997ರಲ್ಲಿ ಅವನು ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ಕೊಡಿಸಿದ್ದು. ಯಾವ ಕಂಪನಿದು ಅಂತ ಕೇಳಬೇಡಿ, ಸ್ಟಿಕರ್ ಎಲ್ಲಾ ಉದುರಿಹೋಗಿದೆ, ನಮ್ಮ ಕಡೆ ಆಗ ದಪ್ಪ ಟೈರಿನ ಸೈಕಲ್ ಯಾವ ಕಂಪನಿದಾದ್ರೂ ರೇಂಜರ್ರೇ. ತುಮಕೂರಿನ ಗುಬ್ಬಿ ಗೇಟ್ ಹತ್ರ ಹಳೇ ಮನೆ ಹಿಂದಿನ ಶೆಡ್ಡಲ್ಲಿ ತೆಂಗಿನ ಗರಿ, ಖಾಲಿ ಗೋಣಿಚೀಲದ ಕೆಳಗೆ ಹದಿನೈದು ವರ್ಷ ಮಲಗಿತ್ತು. ಮಗಳಿಗೆ ಈಗ 12, ಗೇರ್ ಸೈಕಲ್ ಬೇಕು ಅಂತ ಒಂದೇ ಹಠ. ನಾನು ಟೇಪ್ ಹಿಡಿದು ಅಳೆದೆ. ಮೇಲಿನ ಪೈಪು ನೆಲದಿಂದ 27 ಇಂಚು, ಅವಳ ಕಾಲು ಒಳಗಿಂದ 28. ಒಂದಿಂಚಾದ್ರೂ ಗ್ಯಾಪ್ ಇದ್ಯಲ್ಲ, ಗಕ್ಕಂತ ನಿಲ್ಲಿಸಿದಾಗ ಎರಡೂ ಕಾಲು ನೆಲಕ್ಕೆ ಸಿಗುತ್ತೆ, ಸರಿ ಇದೇ ಮಾಡೋಣ ಅಂದ್ಕೊಂಡೆ. "ಇದ್ರಲ್ಲಿ ಗೇರೇ ಇಲ್ವಲ್ಲಪ್ಪ" ಅಂತ ಮುಖ ಊದಿಸ್ಕೊಂಡ್ಲು.

ಕಾಟರ್ ವಿಷಯಕ್ಕೆ ಬರ್ತೀನಿ, ಜಾಸ್ತಿ ಜನ ಸೋಲೋದು ಇಲ್ಲೇ. ನಟ್ಟು ಪೂರ್ತಿ ತೆಗೆದು ಹೊಡೆದ್ರೆ ಥ್ರೆಡ್ಡು ಅಣಬೆ ಥರ ಅರಳಿಕೊಳ್ಳುತ್ತೆ, ಆಮೇಲೆ ಡ್ರಿಲ್ಲೇ ಗತಿ. ನಟ್ಟನ್ನ ಪಿನ್ನಿನ ತುದಿ ಸಮಕ್ಕೆ ಬರೋವರೆಗೆ ಮಾತ್ರ ಸಡಿಲ ಮಾಡಿ, ಕ್ರ್ಯಾಂಕ್ ಕೆಳಗೆ ಒಂದು ಕಬ್ಬಿಣದ ಪೈಪಿನ ತುಂಡು ನೆಟ್ಟಗೆ ನಿಲ್ಲಿಸಿ, ಹೊಡೆತ ನೆಲಕ್ಕೆ ಹೋಗೋ ಹಾಗೆ, ಒಂದೇ ಏಟು ಜೋರಾಗಿ. ಕುಟ್ಟುಕುಟ್ಟು ಅಂತ ಸಣ್ಣಸಣ್ಣದಾಗಿ ಹೊಡೀತಾ ಕೂತ್ರೆ ಅದು ಬರಲ್ಲ, ಇನ್ನೂ ಕಚ್ಚಿಕೊಳ್ಳುತ್ತೆ. ಇದನ್ನ ಹೇಳಿಕೊಟ್ಟಿದ್ದು ನಮ್ಮ ಏರಿಯಾ ಸೈಕಲ್ ಶಾಪಿನ ಅಜ್ಜ, ನಾನು ಒಂದು ಪಿನ್ ಹಾಳು ಮಾಡಿಕೊಂಡು ಹೋದ ಮೇಲೆ. ಹಾಂ, ಎಡಗಡೆ ಪೆಡ್ಲು ಉಲ್ಟಾ ಥ್ರೆಡ್, ಬಿಚ್ಚೋಕೆ ಬಲಕ್ಕೆ ತಿರುಗಿಸಬೇಕು, ಗೊತ್ತಿದ್ರೂ ಪ್ರತಿ ಸಲ ಮರೀತೀನಿ.

ಕ್ರ್ಯಾಂಕಿನ ಅಚ್ಚು ತಿರುಗೋ ಜಾಗದ ಒಳಗೆ ಗ್ರೀಸ್ ಅನ್ನೋದು ಒಣಗಿ ಬೆಲ್ಲದ ಪಾಕ ಆಗಿತ್ತು. ಬಾಲ್ಸ್ ಒಂದೊಂದು ಕಡೆ 11, ಕಾಲಿಂಚಿನವು, ಒಟ್ಟು 22. ಸೀಮೆಎಣ್ಣೆ ಸಿಗಲಿಲ್ಲ, ಡೀಸೆಲ್ ತಂದು ಸ್ಟೀಲ್ ತಟ್ಟೇಲಿ ಹಾಕಿ ತೊಳೆಯೋ ಕೆಲಸ ಮಗಳಿಗೆ ಕೊಟ್ಟೆ, ಗೇರ್ ವಿಷಯ ಮರೆತು ಕೂತ್ಲು, ಹಳೇ ಟೂತ್‌ಬ್ರಶ್ಶಲ್ಲಿ ಒಂದೊಂದೇ ತಿಕ್ಕಿ ಎಣಿಸಿದ್ರೆ 21. ಇನ್ನೊಂದು ತುಳಸಿಕಟ್ಟೆ ಸಂದೀಲಿ ಸಿಕ್ತು. ಆದ್ರೆ ನಾಲ್ಕೈದರ ಮೇಲೆ ಗುಳಿ ಬಿದ್ದಿತ್ತು, ಹಾಗಾಗಿ ಎಲ್ಲಾ ಬಿಸಾಕಿ ಹೊಸದೇ ಹಾಕಿದ್ದು, ಅದಕ್ಕೆ ಅವಳು ಸಿಟ್ಟಾಗಿದ್ದು ಬೇರೆ ಕಥೆ. "ರೀ, ಆ ತಟ್ಟೆ ಇನ್ನು ಅಡುಗೆಮನೆ ಹೊಸ್ತಿಲು ದಾಟಂಗಿಲ್ಲ" ಅಂತ ಒಳಗಿಂದ ಆರ್ಡರ್ ಬಂತು. ಅಂದಹಾಗೆ ಮೌಂಟೇನ್ ಬೈಕ್ ಹುಟ್ಟಿದ ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲಿ ಶುರುವಾದ ಒಂದು ಇಳಿಜಾರಿನ ರೇಸಿಗೆ ರೀಪ್ಯಾಕ್ ಅಂತಲೇ ಹೆಸರು, ಒಂದು ಸಲ ಬೆಟ್ಟ ಇಳಿಯೋದ್ರೊಳಗೆ ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗಿರೋ ಬ್ರೇಕು ಕಾದು ಗ್ರೀಸ್ ಹೊಗೆಯಾಗಿ ಹೋಗೋದು, ಮತ್ತೆ ತುಂಬಿದ್ರೇನೇ ಇನ್ನೊಂದು ಸುತ್ತು. ಇದನ್ನ ಹೇಳಿದ ಮೇಲೆ ಮಗಳಿಗೆ ಹಬ್ಬಿನ ಮೇಲೆ ಸ್ವಲ್ಪ ಗೌರವ ಬಂತು.

ತುಕ್ಕಿಗೆ ಏನೇನೋ ಕೆಮಿಕಲ್ ಬೇಡ. ಹುಣಸೆಹಣ್ಣಿನ ಮಾರ್ಕೆಟ್ ಇರೋ ಊರಲ್ಲಿ ಇದ್ದೀವಿ, ನಟ್ಟು ಬೋಲ್ಟು ಎಲ್ಲಾ ಗಟ್ಟಿ ಹುಣಸೆ ನೀರಲ್ಲಿ ರಾತ್ರಿಯೆಲ್ಲಾ ನೆನೆಹಾಕಿದೆ, ಬೆಳಿಗ್ಗೆ ತುಕ್ಕು ಕಪ್ಪಗೆ ಮೆತ್ತಗಾಗಿ ಬ್ರಶ್ಶಿಗೆ ಬಂತು. ಆಮೇಲೆ ಅಡುಗೆ ಸೋಡಾ ಹಾಕಿದ ನೀರಲ್ಲಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಸವರಲೇಬೇಕು, ಇಲ್ಲಾಂದ್ರೆ ಮಧ್ಯಾಹ್ನಕ್ಕೆ ಮತ್ತೆ ಕೆಂಪಗಾಗುತ್ತೆ. ಹ್ಯಾಂಡಲ್ಲಿನ ಕ್ರೋಮಿಗೆ ಹೋಟೆಲ್ ಪಾರ್ಸಲ್ಲಿನ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರು ಹಾಕಿ ತಿಕ್ಕಿದ್ದು ಅಷ್ಟೇ.

ಟೈರಲ್ಲಿ ಮೋಸ ಹೋದೆ. ಮೋಸ ಅಂದ್ರೆ ಅಂಗಡಿಯವನದ್ದಲ್ಲ, ನಂದೇ. "26 ಇಂಚು ಟೈರ್ ಕೊಡಿ" ಅಂದೆ, ಕೊಟ್ರು. ಮನೆಗೆ ಬಂದು ಕೂರಿಸಿದ್ರೆ ರಿಮ್ಮಿನ ಮೇಲೆ ಬಳೆ ಥರ ಓಡಾಡ್ತಿದೆ. ನೋಡಿದ್ರೆ ಅದು 26 x 1 3/8, ಲೇಡೀಸ್ ಸೈಕಲ್ಲಿಂದು. ಎರಡೂ 26ರೇ, ಆದ್ರೆ ರಿಮ್ಮಲ್ಲಿ ಕೂರೋ ಅಳತೆ ಅದರದ್ದು 590 ಎಂಎಂ, ಎಂಟಿಬಿ ಅಂದ್ರೆ ಮೌಂಟೇನ್ ಬೈಕಿಂದು 559. ಟೈರ್ ಪಕ್ಕದಲ್ಲಿ ಸಣ್ಣದಾಗಿ ಬರೆದಿರುತ್ತೆ, ಇಂಚು ನೋಡಬೇಡಿ, ಅದನ್ನ ನೋಡಿ. ವಾಪಸ್ ಕೊಟ್ಟು 26 x 1.95 ತಂದೆ.

ಗೇರ್ ಇಲ್ಲ ಅನ್ನೋ ಕೊರಗಿಗೆ ಸ್ವಲ್ಪ ಪರಿಹಾರ ಹಿಂದಿನ ಚಕ್ರದಲ್ಲಿ ಚೈನು ಕೂರೋ ಫ್ರೀವೀಲಲ್ಲಿತ್ತು. ಮುಂದೆ 44 ಹಲ್ಲು, ಹಿಂದೆ 18 ಇತ್ತು, 20 ಹಾಕಿಸಿದೆ. ಒಂದು ಸುತ್ತು ತುಳಿದ್ರೆ ಮೊದಲು ಸುಮಾರು 5 ಮೀಟರ್ ಹೋಗ್ತಿದ್ದಿದ್ದು ಈಗ ನಾಲ್ಕೂವರೆ, ಏರಿನಲ್ಲಿ ಎದ್ದು ನಿಂತು ಒದೆಯೋದು ತಪ್ಪಿತು.

ಎಲ್ಲಾ ಜೋಡಿಸಿ, ಹಳೇ ಫೋಟೋದಲ್ಲಿದ್ದ ಹಾಗೇ ಬಂತು ಅಂತ ನಾನೇ ಮೆಚ್ಚಿಕೊಂಡು, ತಮ್ಮನಿಗೆ ಫೋಟೋನೂ ಕಳಿಸಿಬಿಟ್ಟು, ಮಗಳನ್ನ ಕೂರಿಸಿದೆ. ಬ್ರೇಕ್ ಹಿಡಿ ಅಂದೆ. ಬೆರಳಿನ ತುದಿ ಮಾತ್ರ ಲಿವರಿಗೆ ತಾಗ್ತಿದೆ, ಎಳೆಯೋಕೆ ಹೋದ್ರೆ ಜಾರುತ್ತೆ. ದೊಡ್ಡ ಹುಡುಗರ ಕೈಗೆ ಮಾಡಿರೋ ಲಿವರ್ ಅದು. ಜೊತೆಗೆ ಸ್ಟೀಲ್ ರಿಮ್ಮು, ಮಳೇಲಿ ನೆನೆದ್ರೆ ಬ್ರೇಕ್ ರಬ್ಬರ್ ಹಿಡಿಯೋದೇ ಇಲ್ಲ, ನಾವು ಚಪ್ಪಲಿ ಕಾಲಲ್ಲಿ ನಿಲ್ಲಿಸ್ತಿದ್ದಿದ್ದು ನೆನಪಾಯ್ತು. ಒರಿಜಿನಲ್ ಪಾರ್ಟ್ಸೇ ಇರಬೇಕು ಅಂತ ಅಷ್ಟು ದಿನ ಹಿಡಿದಿದ್ದ ಹುಚ್ಚನ್ನ ಅಲ್ಲೇ ಬಿಟ್ಟೆ. ಪುಣ್ಯಕ್ಕೆ ಫೋರ್ಕಲ್ಲಿ ಕ್ಯಾಂಟಿಲಿವರ್ ಬ್ರೇಕಿನ ಗೂಟ ಇತ್ತು, ಅದಕ್ಕೇ ವಿ-ಬ್ರೇಕ್ (ಉದ್ದ ತೋಳಿನ, ಜೋರಾಗಿ ಹಿಡಿಯೋ ಬ್ರೇಕು) ಕೂರುತ್ತೆ. ಆದ್ರೆ ಬ್ರೇಕ್ ಒಂದೇ ತಂದ್ರೆ ಸಾಲಲ್ಲ, ವಿ-ಬ್ರೇಕಿಗೆ ಕೇಬಲ್ ಜಾಸ್ತಿ ಎಳೀಬೇಕು, ಹಳೇ ಲಿವರ್ ಹ್ಯಾಂಡಲ್ಲಿಗೆ ತಾಗಿದ್ರೂ ಪೂರ್ತಿ ಹಿಡಿಯಲ್ಲ, ಸೆಟ್ ತಗೋಬೇಕು. ಹೊಸ ಲಿವರಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತೆ, ತಿರುಗಿಸಿದ್ರೆ ಲಿವರ್ ಕೈ ಹತ್ರಕ್ಕೆ ಬರುತ್ತೆ, ಅವಳ ಎರಡು ಬೆರಳು ಆರಾಮಾಗಿ ಸುತ್ತೋವರೆಗೆ ತಂದೆ. ಮುಂದಿನ ಚಕ್ರಕ್ಕೆ 36 ತೂತಿನ ಅಲಾಯ್ ರಿಮ್ಮು, ಹೊಸ ಕಡ್ಡಿ, ಕಟ್ಟಿ ಬೆಂಡ್ ತೆಗೆದಿದ್ದು ಅಜ್ಜ. "ಇಷ್ಟಕ್ಕೆ ಹೊಸದೇ ಬರ್ತಿತ್ತಲ್ಲ ಸಾರ್" ಅಂದ್ರು. ಬರ್ತಿರಲಿಲ್ಲ, ಒಟ್ಟು ನಾಲ್ಕು ಸಾವಿರದ ಒಳಗೇ ಆಯ್ತು, ಆದ್ರೆ ವಾದ ಮಾಡಲಿಲ್ಲ, ಅವರು ಕೂಲಿ ಕಮ್ಮಿ ತಗೊಂಡಿದ್ರು.

ಅಮಾನಿಕೆರೆ ಕಡೆ ಎರಡು ಸುತ್ತು ಹೊಡೆದು ಬಂದ ಮೇಲೆ ಅವಳ ಡಿಮ್ಯಾಂಡು ಕ್ಯಾರಿಯರ್ ಮತ್ತು ಬೆಲ್ಲು. ಎಂಟಿಬಿಗೆ ಯಾರಮ್ಮ ಕ್ಯಾರಿಯರ್ ಹಾಕ್ತಾರೆ ಅಂದೆ. "ಬ್ಯಾಗ್ ನೀನು ಹೊರ್ತೀಯಾ?" ಅಂದ್ಲು. ಹಾಕಿಸಿದೆ.

ಈಗ ಒಂದು ವಾರದಿಂದ ಎಡಗಡೆ ಕ್ರ್ಯಾಂಕಲ್ಲಿ ಟಕ್ ಟಕ್ ಅಂತಿದೆ. ಹೊಸ ಕಾಟರ್ ಸ್ವಲ್ಪ ದಿನ ತುಳಿದ ಮೇಲೆ ಕೂರುತ್ತೆ, ಮತ್ತೆ ಒಂದು ಏಟು ಹಾಕಿ ನಟ್ಟು ಬಿಗಿ ಮಾಡಬೇಕು. ಭಾನುವಾರ ಮಾಡ್ತೀನಿ, ಈ ಸಲ ಮೊದಲೇ ಫ್ರೇಮಿಗೆ ಹಳೇ ಟ್ಯೂಬ್ ಸುತ್ತಿಟ್ಟಿದ್ದೀನಿ.